ಗಾದಿಯ ಮಾತು: ಒಂದು ತಿಜೋರಿಗೆ ಎಷ್ಟು ಕೀಲಿಕೈ?



ಹಿಂದೆ ಅಂಗಡಿಯ ಲೆಕ್ಕವೆಂದರೆ ಕೆಂಪು ಬಟ್ಟೆಯ ರಟ್ಟು ಹಾಕಿದ ಕೀರ್ದಿ ಮತ್ತು ಖಾತೆವಹಿ. ರಾತ್ರಿ ಅಂಗಡಿ ಮುಚ್ಚುವಾಗ ಅವು ತಿಜೋರಿ ಸೇರುತ್ತಿದ್ದವು. ಕೀಲಿಕೈ ಹಿರಿಯರ ಹತ್ತಿರ ಇರುತ್ತಿತ್ತು. ಕೀರ್ದಿ ಬರೆಯುವವರು ದಿವಾಣಜಿ, ತಾಳೆ ನೋಡುವವರು ಮಾಲೀಕರು, ಉಳಿದವರು ಅದನ್ನು ಮುಟ್ಟುತ್ತಿರಲಿಲ್ಲ. ಇದನ್ನು ಯಾರೂ ಅವಮಾನವೆಂದು ತಿಳಿದವರಲ್ಲ.

ಈಗ ನಮ್ಮ ಸೊಲ್ಲಾಪುರದ ಪೇಟೆಯಲ್ಲಿಯೂ ಕಾಲ ಬದಲಾಗಿದೆ. ಲೆಕ್ಕ, ಬಿಲ್ಲು, ಚಾದರು-ಟವೆಲಿನ ಡಿಸೈನು, ಬ್ಯಾಂಕಿನ ಕಾಗದ, ಮನೆಯ ಮದುವೆ ಫೋಟೋ ಎಲ್ಲವೂ ಒಂದು ಸಣ್ಣ ಪೆಟ್ಟಿಗೆಯೊಳಗೆ ಇರುತ್ತವೆ. ಕಂಪ್ಯೂಟರಿನವರು ಇದನ್ನು ನ್ಯಾಸ್ ಎಂದು ಕರೆಯುತ್ತಾರೆ. ಒಳಗೆ ಎರಡೋ ನಾಲ್ಕೋ ಡಿಸ್ಕು. ಒಂದು ವೈರು ರೌಟರಿಗೆ. ಅಂಗಡಿಯ ಎಲ್ಲ ಕಂಪ್ಯೂಟರುಗಳೂ ಅದನ್ನು ತಮ್ಮದೇ ಕಪಾಟಿನಂತೆ ತೆರೆಯುತ್ತವೆ. ಬಹಳ ಅನುಕೂಲದ ವಸ್ತು.

ಇಂಗ್ಲಿಷಿನ ಮೂರು ಶಬ್ದಗಳ ಮೊದಲ ಅಕ್ಷರ ಕೂಡಿಸಿ ಈ ಹೆಸರು ಮಾಡಿದ್ದಾರೆ. ನಮ್ಮ ಕಿವಿಗೆ ಮಾತ್ರ ಅದು ಬೇರೆ ಅರ್ಥ ಕೊಡುತ್ತದೆ. ನ್ಯಾಸವೆಂದರೆ ನಂಬಿ ಇಟ್ಟ ಸೊತ್ತು. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎರಡನ್ನೂ ಹೇಳಿದೆ. ಸುಳ್ಳು ಬರಹ ಮಾಡುವುದು ಒಂದು, ನಂಬಿ ಇಟ್ಟದ್ದನ್ನು ನುಂಗುವುದು ಇನ್ನೊಂದು. ವ್ಯಾಪಾರಿಗೆ ಈ ಎರಡು ಅಂಜಿಕೆ ಅಂದೂ ಇದ್ದವು, ಇಂದೂ ಇವೆ. ಆದ್ದರಿಂದ ಈ ಪೆಟ್ಟಿಗೆಯ ಕೀಲಿಕೈ ವಿಚಾರವನ್ನು ಈ ತಿಂಗಳು ಮಾತಾಡೋಣ.

ಪೆಟ್ಟಿಗೆ ಕೂಡಿಸಲು ಬಂದ ಹುಡುಗ ಸಾಮಾನ್ಯವಾಗಿ ಏನು ಮಾಡುತ್ತಾನೆ? ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನೇ ಎಲ್ಲ ಕಂಪ್ಯೂಟರಿಗೂ ಹಾಕಿ ಹೋಗುತ್ತಾನೆ. ಆ ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಬರೆದಿರುತ್ತದೆ; ಬಹಳ ಮಾಡಿ ಅಂಗಡಿಯ ಫೋನ್ ನಂಬರೇ ಅದು. "ನಮ್ಮದೇ ಮಂದಿ, ಯಾರಿಂದ ಮುಚ್ಚಿಡುವುದು?" ಎಂದು ನಾವೂ ಸುಮ್ಮನಾಗುತ್ತೇವೆ. ಆದರೆ ಕೀಲಿಕೈ ಬೇರೆ ಬೇರೆ ಮಾಡುವುದು ಮುಚ್ಚಿಡುವುದಕ್ಕಾಗಿ ಮಾತ್ರ ಅಲ್ಲ.

ನನಗೆ ಪರಿಚಯದ ಒಂದು ನೂಲಿನ ಅಂಗಡಿಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ದೀಪಾವಳಿಯ ಸೀಜನ್ ಮುಂದೆ ಇರುವಾಗ ದರಪಟ್ಟಿಯ ಫೋಲ್ಡರ್ ಕಾಣದಾಯಿತು. ಎಲ್ಲರೂ ಒಂದೇ ಹೆಸರಿನಿಂದ ಒಳಗೆ ಹೋಗುತ್ತಿದ್ದರು. ಹೀಗಾಗಿ ಯಾರ ಕೈಯಿಂದ ಆಯಿತೆಂದು ಪೆಟ್ಟಿಗೆಯೂ ಹೇಳಲಾರದು. ಸಂಶಯ ಹೊಸದಾಗಿ ಸೇರಿದ್ದ ಗುಮಾಸ್ತನ ಮೇಲೆ ಬಿತ್ತು. ಬಡವರ ಮನೆಯ ಹುಡುಗ, ಹದಿನೈದು ದಿನ ತಲೆ ಎತ್ತಲಿಲ್ಲ. ಕಡೆಗೆ ಆ ಫೋಲ್ಡರ್ ಫೋಟೋಗಳ ಫೋಲ್ಡರಿನೊಳಗೆ ಸಿಕ್ಕಿತು. ಮನೆಯ ಮಗುವೊಂದು ಮೌಸಿನಿಂದ ಆಡುವಾಗ ಎಳೆದು ಅಲ್ಲಿ ಬಿಟ್ಟಿತ್ತು. ದರಪಟ್ಟಿ ಮರಳಿ ಬಂತು, ಆದರೆ ಆ ಹುಡುಗ ಮುಂದಿನ ತಿಂಗಳು ಕೆಲಸ ಬಿಟ್ಟ. ಬೇರೆ ಬೇರೆ ಹೆಸರಿದ್ದರೆ, ಮಗು ಆಡುವ ಕಂಪ್ಯೂಟರಿಗೆ ದರಪಟ್ಟಿಯನ್ನು ಮುಟ್ಟುವ ಅಧಿಕಾರವೇ ಇರುತ್ತಿರಲಿಲ್ಲ. ಇದ್ದರೂ ಯಾರ ಹೆಸರಿನಿಂದ ಸರಿಯಿತೆಂದು ದಾಖಲೆ ಇರುತ್ತಿತ್ತು. ಪ್ರತ್ಯೇಕ ಹೆಸರು ಕಳ್ಳನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ನಿರಪರಾಧಿಯನ್ನು ಕಾಯುತ್ತದೆ. ಅಣ್ಣ-ತಮ್ಮಂದಿರ ನಡುವೆಯೂ ಈ ಮಾತು ಅನ್ವಯಿಸುತ್ತದೆ. "ನೀನು ಅಳಿಸಿದೆ, ನೀನು ತಿದ್ದಿದೆ" ಎಂಬ ಒಂದು ಮಾತಿನಿಂದ ಪಾಲಾದ ಮನೆಗಳನ್ನು ನಾವು ಕಂಡಿದ್ದೇವೆ.

ಹಾಗಾದರೆ ಹೇಗೆ ಮಾಡಬೇಕು? ಕಂಪ್ಯೂಟರಿನ ಮುಂದೆ ಕೂಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿರಿ. ಎಡಗಡೆ ಮಂದಿಯ ಹೆಸರು, ಮೇಲ್ಗಡೆ ಫೋಲ್ಡರುಗಳ ಹೆಸರು ಬರೆಯಿರಿ. ಫೋಲ್ಡರು ಬಹಳ ಬೇಡ. ಲೆಕ್ಕ, ಜಿಎಸ್‌ಟಿ ಮತ್ತು ಬ್ಯಾಂಕು, ದರಪಟ್ಟಿ, ಡಿಸೈನು, ಗೋದಾಮು, ಮನೆ ಇಷ್ಟು ಸಾಕು. ನೀವು ಬಸದಿಯ ಅಥವಾ ಬೋರ್ಡಿಂಗಿನ ಟ್ರಸ್ಟಿಯಾಗಿದ್ದು ದೇಣಿಗೆಯ ಲೆಕ್ಕ ನಿಮ್ಮ ಅಂಗಡಿಯಲ್ಲಿಯೇ ಇದ್ದರೆ ಅದಕ್ಕೆ ಬೇರೆಯೇ ಫೋಲ್ಡರ್ ಇರಲಿ. ಸಮಾಜದ ಹಣದ ಲೆಕ್ಕ ಮನೆಯ ಲೆಕ್ಕದೊಡನೆ ಕೂಡಬಾರದು.

ಪ್ರತಿ ಹೆಸರಿನ ಮುಂದೆ, ಪ್ರತಿ ಫೋಲ್ಡರಿನ ಕೆಳಗೆ, ಮೂರರಲ್ಲಿ ಒಂದು ಬರೆಯಿರಿ: ಬರೆಯಬಹುದು, ಓದಬಹುದು ಮಾತ್ರ, ಪ್ರವೇಶವಿಲ್ಲ. ದಿವಾಣಜಿ ಲೆಕ್ಕದಲ್ಲಿ ಬರೆಯಬೇಕು, ದರಪಟ್ಟಿಯನ್ನು ಓದಿದರೆ ಸಾಕು. ಕೌಂಟರಿನ ಹುಡುಗನಿಗೆ ದರಪಟ್ಟಿ ಓದುವುದು ಬೇಕು, ಬ್ಯಾಂಕಿನ ಕಾಗದ ಬೇಡ. ಜಿಎಸ್‌ಟಿ ನೋಡಿಕೊಳ್ಳುವ ಸೊಸೆಗೆ ಆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಬೇಕು. ಸಿಎ ಅವರಿಗೆ ಆ ವರ್ಷದ ಕಾಗದ ಓದಲು ಮಾತ್ರ; ಅವರ ಹೆಸರು ಇಂಥ ತಾರೀಖಿನ ನಂತರ ತಾನೇ ನಿಲ್ಲುವಂತೆ ಮಾಡುವ ಅನುಕೂಲವೂ ಹಲವು ಪೆಟ್ಟಿಗೆಗಳಲ್ಲಿ ಇದೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಎಂಬ ಈ ನಿಯಮವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಅಮೆರಿಕನ್ ಪಂಡಿತರು 1975ರಲ್ಲಿಯೇ ಬರೆದಿಟ್ಟಿದ್ದಾರೆ. ನಮ್ಮ ಹಿರಿಯರು ಓದದೆಯೇ ಅದನ್ನು ಪಾಲಿಸುತ್ತಿದ್ದರು.

ಹಾಳೆ ಮುಗಿದ ಮೇಲೆ ಅದನ್ನು ಪೆಟ್ಟಿಗೆಗೆ ಇಳಿಸುವಾಗ ಈ ಮಾತುಗಳನ್ನು ನೆನಪಿಡಿರಿ.

1. ಅಧಿಕಾರವನ್ನು ವ್ಯಕ್ತಿಗೆ ಕೊಡುವ ಬದಲು ಗುಂಪಿಗೆ ಕೊಡಿರಿ. "ಲೆಕ್ಕದವರು", "ಕೌಂಟರಿನವರು", "ಮನೆಯವರು" ಎಂದು ಗುಂಪು ಮಾಡಿ ಆಯಾ ಮಂದಿಯನ್ನು ಅದರಲ್ಲಿ ಸೇರಿಸಿರಿ. ನಾಳೆ ಗುಮಾಸ್ತ ಬದಲಾದರೆ ಹೆಸರು ಮಾತ್ರ ಬದಲಿಸಿದರಾಯಿತು.

2. ಒಬ್ಬನೇ ಎರಡು ಗುಂಪಿನಲ್ಲಿದ್ದು, ಒಂದರಲ್ಲಿ ಪ್ರವೇಶವಿಲ್ಲ, ಇನ್ನೊಂದರಲ್ಲಿ ಬರೆಯಬಹುದು ಎಂದಿದ್ದರೆ? ಸಿನಾಲಜಿ ಪೆಟ್ಟಿಗೆಯಲ್ಲಿ "ಪ್ರವೇಶವಿಲ್ಲ" ಎಂಬುದೇ ಗೆಲ್ಲುತ್ತದೆ. ಅದರ ನಂತರ ಬರೆಯುವುದು, ಕಡೆಗೆ ಓದುವುದು. ಆದ್ದರಿಂದ "ಪ್ರವೇಶವಿಲ್ಲ" ಎಂಬುದನ್ನು ಕಂಡಕಂಡಲ್ಲಿ ಒತ್ತಬಾರದು. ಏನೂ ಕೊಡದಿದ್ದರೆ ಹೇಗೂ ಪ್ರವೇಶ ಇರುವುದಿಲ್ಲ. ಹೊಸ ಹೆಸರುಗಳೆಲ್ಲ ತಾವಾಗಿಯೇ ಸೇರುವ ಒಂದು ಸಾಮಾನ್ಯ ಗುಂಪು ಇರುತ್ತದೆ. ಅದಕ್ಕೆ ಏನು ಕೊಟ್ಟರೂ ಎಲ್ಲರಿಗೂ ಕೊಟ್ಟಂತೆ.

3. ಅಧಿಕಾರವಿಲ್ಲದವರಿಗೆ ಆ ಫೋಲ್ಡರ್ ಕಾಣಿಸದಂತೆಯೂ ಮಾಡಬಹುದು. ಇದು ಒಳ್ಳೆಯದು. ಕಣ್ಣಿಗೆ ಬಿದ್ದೂ ತೆರೆಯದ ಬಾಗಿಲು ಮನಸ್ಸನ್ನು ನೋಯಿಸುತ್ತದೆ.

4. ವಿಂಡೋಸ್ ಕಂಪ್ಯೂಟರು ಒಮ್ಮೆ ಕೊಟ್ಟ ಹೆಸರು, ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಕುರ್ಚಿಯಲ್ಲಿ ಕೂತವನಿಗೆ ನಿಮ್ಮ ಅಧಿಕಾರವೇ ಸಿಗುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಕೆಲಸ ಮಾಡುವುದಿದ್ದರೆ ವಿಂಡೋಸಿನಲ್ಲಿಯೂ ಇಬ್ಬರಿಗೂ ಬೇರೆ ಲಾಗಿನ್ ಮಾಡಿಸಿರಿ. ಎದ್ದು ಹೋಗುವಾಗ ಪರದೆಗೆ ಬೀಗ ಹಾಕಿರಿ.

5. ಯಾರು ಯಾವ ಫೈಲು ತೆರೆದರು, ಅಳಿಸಿದರು ಎಂಬ ದಾಖಲೆ ಕೆಲವು ಪೆಟ್ಟಿಗೆಗಳಲ್ಲಿ ತಾನಾಗಿ ಶುರುವಾಗಿರುವುದಿಲ್ಲ. ಹೇಳಿ ಶುರು ಮಾಡಿಸಿಕೊಳ್ಳಬೇಕು. ಅಳಿಸಿದ್ದು ಕೆಲ ದಿನ ಉಳಿಯುವ ಕಸದಬುಟ್ಟಿಯನ್ನೂ ಪ್ರತಿ ಫೋಲ್ಡರಿಗೆ ಇಡಿಸಿರಿ. ಅದನ್ನು ಖಾಲಿ ಮಾಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ.

ಟ್ಯಾಲಿ ಇಟ್ಟವರಿಗೆ ಒಂದು ವಿಶೇಷ ಸೂಚನೆ. ಟ್ಯಾಲಿಯ ಡೇಟಾ ಪೆಟ್ಟಿಗೆಯ ಮೇಲಿದ್ದು ಹಲವು ಕಂಪ್ಯೂಟರಿನಿಂದ ಕೆಲಸ ನಡೆದರೆ, ಪ್ರತಿಯೊಬ್ಬನಿಗೂ ಆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಕೊಡಲೇಬೇಕಾಗುತ್ತದೆ. ಯಾರು ವೋಚರ್ ತಿದ್ದಬಹುದು, ಯಾರು ನೋಡಬಹುದು ಎಂಬುದನ್ನು ಪೆಟ್ಟಿಗೆ ತಿಳಿಯದು. ಅದನ್ನು ಟ್ಯಾಲಿಯೊಳಗಿನ ಬಳಕೆದಾರರ ವ್ಯವಸ್ಥೆಯಲ್ಲಿಯೇ ಗೊತ್ತುಮಾಡಬೇಕು. ಅಂದರೆ ಎರಡು ಬಾಗಿಲು, ಎರಡು ಬೀಗ. ಫೋಲ್ಡರಿಗೆ ಕೈಯಿಟ್ಟವನು ಡೇಟಾವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೂ ಹೋಗಬಲ್ಲ. ಅದಕ್ಕೆ ಟ್ಯಾಲಿವಾಲ್ಟ್ ಎಂಬ ಪಾಸ್‌ವರ್ಡ್ ಇದೆ. ಆದರೆ ಅದನ್ನು ಮರೆತರೆ ನಿಮ್ಮ ಲೆಕ್ಕ ನಿಮಗೂ ಸಿಗದು. ಬರೆದು ತಿಜೋರಿಯಲ್ಲಿಡಿರಿ.

ಇನ್ನು ಮುಖ್ಯ ಕೀಲಿಕೈ. ಪೆಟ್ಟಿಗೆಯ ಎಲ್ಲ ಬಾಗಿಲು ತೆರೆಯುವ ಅಡ್ಮಿನ್ ಹೆಸರನ್ನು ದಿನದ ಕೆಲಸಕ್ಕೆ ಎಂದೂ ಉಪಯೋಗಿಸಬಾರದು. ಮಾಲೀಕರಿಗೆ ಇದು ಒಗ್ಗುವುದಿಲ್ಲ, "ನಾನೇ ಒಡೆಯ, ನನಗೆ ಕಡಿಮೆ ಅಧಿಕಾರವೇ?" ಎನ್ನುತ್ತಾರೆ. ಕಾರಣ ಕೇಳಿರಿ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ನಿಮ್ಮ ಕಂಪ್ಯೂಟರಿಗೆ ಹೊಕ್ಕರೆ, ಅದು ನಿಮ್ಮ ಹೆಸರಿನಿಂದಲೇ ಕೆಲಸ ಮಾಡುತ್ತದೆ. ನೀವು ಎಲ್ಲೆಲ್ಲಿ ಬರೆಯಬಲ್ಲಿರೋ ಅಲ್ಲೆಲ್ಲ ಅದೂ ಬರೆಯುತ್ತದೆ. ನಿಮ್ಮ ದಿನದ ಹೆಸರಿಗೆ ಕಡಿಮೆ ಅಧಿಕಾರವಿದ್ದಷ್ಟೂ ಬೆಂಕಿ ಕಡಿಮೆ ಕೋಣೆಗೆ ಹರಡುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2019ರ ಜುಲೈ ತಿಂಗಳಲ್ಲಿ ಅಡ್ಮಿನ್ ಪಾಸ್‌ವರ್ಡನ್ನು ಒಂದಾದ ಮೇಲೊಂದು ಊಹಿಸಿ ಒಳನುಗ್ಗಿ ಕಡತಗಳಿಗೆ ಬೀಗ ಹಾಕುತ್ತಿದ್ದಾರೆಂದು ಸಿನಾಲಜಿ ಕಂಪನಿ ತನ್ನ ಗಿರಾಕಿಗಳನ್ನು ಎಚ್ಚರಿಸಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬುದು ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಹೊಕ್ಕು, ಪ್ರತಿಯೊಬ್ಬರಿಂದ 0.03 ಬಿಟ್‌ಕಾಯಿನ್ ಕೇಳಿತು. ಅಲ್ಲಿ ಪಾಸ್‌ವರ್ಡ್ ಒಂದೇ ಸಾಕಾಗಲಿಲ್ಲ. ತಂತ್ರಾಂಶದ ದೋಷವೇ ಬಾಗಿಲಾಯಿತು. ಆದ್ದರಿಂದ ಪೆಟ್ಟಿಗೆಯನ್ನು ನೇರವಾಗಿ ಹೊರಗೆ ತೆರೆದಿಡಬಾರದು. ಊರಿಗೆ ಹೋದಾಗ ನೋಡಬೇಕಿದ್ದರೆ ವಿಪಿಎನ್ ಮಾಡಿಸಿರಿ. ಕಂಪನಿ ಕಳಿಸುವ ಅಪ್‌ಡೇಟನ್ನು ಮುಂದೂಡಬೇಡಿರಿ. ಅಡ್ಮಿನ್ ಹೆಸರಿಗೆ ಪಾಸ್‌ವರ್ಡಿನ ಜೊತೆಗೆ ಮೊಬೈಲಿನ ಎರಡನೆಯ ಸಂಕೇತವೂ ಇರಲಿ. ತಪ್ಪು ಪಾಸ್‌ವರ್ಡ್ ನಾಲ್ಕಾರು ಸಲ ಹಾಕಿದವರನ್ನು ತಡೆಯುವ ವ್ಯವಸ್ಥೆಯೂ ಇರಲಿ. ಪಾಸ್‌ವರ್ಡ್ ಉದ್ದವಾಗಿರಲಿ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದ ಕೂಡಿಸಿದರೆ ನೆನಪಿಗೂ ಸುಲಭ. ಗಾಡಿಯ ನಂಬರು, ಮಗನ ಹೆಸರು ಬೇಡ.

ಒಳಗೆ ಎರಡು ಡಿಸ್ಕು ಇವೆ, ಒಂದು ಕೆಟ್ಟರೂ ಇನ್ನೊಂದು ಇದೆ ಎಂದು ಧೈರ್ಯಪಡುವವರಿದ್ದಾರೆ. ಡಿಸ್ಕು ಕೆಟ್ಟರೆ ಆ ಮಾತು ನಿಜ. ಆದರೆ ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲಿಯೂ ಅಳಿಯುತ್ತದೆ. ಬ್ಯಾಕಪ್ ಬೇರೆ ಜಾಗದಲ್ಲಿ ಇರಬೇಕು. ದಿನದ ಕೆಲಸದ ಯಾವ ಹೆಸರಿಗೂ ಆ ಬ್ಯಾಕಪ್ಪಿನಲ್ಲಿ ಬರೆಯುವ ಅಧಿಕಾರ ಇರಬಾರದು.

ಗುಮಾಸ್ತ ಕೆಲಸ ಬಿಟ್ಟರೆ ಅದೇ ದಿನ ಸಂಜೆ ಅವನ ಹೆಸರನ್ನು ನಿಲ್ಲಿಸಿರಿ. ಜಗಳವಾಡಿ ಹೋದವನಾಗಲಿ, ಆಶೀರ್ವಾದ ಪಡೆದು ಹೋದವನಾಗಲಿ, ನಿಯಮ ಒಂದೇ. ನಿಲ್ಲಿಸಬೇಕೇ ಹೊರತು ಕೂಡಲೇ ಅಳಿಸಬಾರದು. ಅವನ ಕಾಲದ ಕಾಗದಗಳನ್ನು ಮೊದಲು ಇನ್ನೊಬ್ಬರಿಗೆ ಒಪ್ಪಿಸಬೇಕು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ತಾರೀಖಿನಿಂದ 72 ತಿಂಗಳು ಕಾಯ್ದಿಡಬೇಕು. ಆರು ವರ್ಷದಲ್ಲಿ ಗಾದಿಯ ಮೇಲೆ ಎಷ್ಟು ಮಂದಿ ಬಂದು ಹೋಗುತ್ತಾರೆ, ಯೋಚಿಸಿರಿ.

ಕಡೆಯದು, ಎಲ್ಲಕ್ಕಿಂತ ದೊಡ್ಡದು. ಮುಖ್ಯ ಕೀಲಿಕೈ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಮನೆಯ ಯಜಮಾನರಿಗೆ ಒಂದು ದಿನ ಏನಾದರೂ ಆದರೆ, ವಿಮೆಯ ಕಾಗದ, ಬ್ಯಾಂಕಿನ ವಿವರ, ಬರಬೇಕಾದ ಉದ್ರಿಯ ಪಟ್ಟಿ ಎಲ್ಲ ಪೆಟ್ಟಿಗೆಯೊಳಗೆ ಇದ್ದೂ ಇಲ್ಲದಂತಾಗುತ್ತದೆ. ದುಃಖದಲ್ಲಿರುವ ಹೆಣ್ಣುಮಕ್ಕಳು ಪಾಸ್‌ವರ್ಡಿಗಾಗಿ ಕಂಡವರನ್ನು ಬೇಡಬೇಕಾಗುತ್ತದೆ. ಅಡ್ಮಿನ್ ಹೆಸರು, ಪಾಸ್‌ವರ್ಡ್, ಎರಡನೆಯ ಸಂಕೇತದ ಬದಲಿ ಅಂಕಿಗಳು ಇವಿಷ್ಟನ್ನು ಹಾಳೆಯ ಮೇಲೆ ಬರೆದು, ಲಕೋಟೆಗೆ ಹಾಕಿ, ಮೊಹರು ಮಾಡಿ ತಿಜೋರಿಯಲ್ಲಿಡಿರಿ. ಅದು ಎಲ್ಲಿದೆ ಎಂದು ಮನೆಯಾಕೆಗೂ ಹಿರಿಯ ಮಗನಿಗೂ ಅಥವಾ ಮಗಳಿಗೂ ಗೊತ್ತಿರಲಿ. ಲಕೋಟೆ ಒಡೆದಿದ್ದರೆ ಪಾಸ್‌ವರ್ಡ್ ಬದಲಿಸಿ ಹೊಸದು ಮಾಡಿರಿ.

ಮಂದಿ ಮತ್ತು ಫೋಲ್ಡರುಗಳ ಆ ಹಾಳೆಯನ್ನೂ ಅದರ ಜೊತೆಗೇ ಇಡಿರಿ. ವರ್ಷಕ್ಕೊಮ್ಮೆ ದೀಪಾವಳಿಗೆ ಹೊಸ ವಹಿ ತೆಗೆಯುವಾಗ ಅದನ್ನು ಹೊರತೆಗೆದು, ಯಾರು ಹೋದರು, ಯಾರು ಬಂದರು, ಯಾರ ಕೆಲಸ ಬದಲಾಯಿತು ಎಂದು ತಾಳೆ ನೋಡಿರಿ. ಅರ್ಧ ಗಂಟೆಯ ಕೆಲಸ. ಹಾಗೆ ನೋಡುವಾಗ ಮನೆಯವರೂ ದಿವಾಣಜಿಯೂ ಎದುರಿಗೇ ಕೂತಿರಲಿ. ಯಾರಿಗೆ ಯಾವುದು ಏಕೆ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿರಿ. ಕಾರಣ ತಿಳಿದ ಮೇಲೆ ಯಾರೂ ಬೇಸರಪಡುವುದಿಲ್ಲ.

ಉಳಿದದ್ದು ಮುಂದಿನ ಸಂಚಿಕೆಯಲ್ಲಿ. ಜಯಜಿನೇಂದ್ರ.