ಬಂದರು ಯಾರಿಗಾಗಿ?



ನನ್ನ ಸೋದರಳಿಯನೊಬ್ಬ ಮುಂಬಯಿಯಿಂದ ಹೊರಡುವ ವಿಲಾಸಿ ಹಡಗಿನ ಬಣ್ಣದ ಚಿತ್ರಗಳನ್ನು ಕಳುಹಿಸಿ, "ಮಾವ, ಈ ಸಲ ನೀವೂ ಅತ್ತೆಯೂ ಬರಲೇಬೇಕು. ಲಕ್ಷದ್ವೀಪವನ್ನೂ ನೋಡಿದ ಹಾಗಾಗುತ್ತದೆ" ಎಂದು ಒತ್ತಾಯಿಸಿದ. ಹೊತ್ತುಹೊತ್ತಿಗೆ ಭೋಜನ, ರಾತ್ರಿಯಿಡೀ ಸಂಗೀತ, ನಡುಗಡಲಿನಲ್ಲಿ ತೇಲುವ ಈಜುಕೊಳ! ಅವನ ಪ್ರೀತಿಗೆ ನಾನು ಋಣಿ. ಆದರೂ ಬರಲಾರೆನೆಂದು ತಿಳಿಸಿದೆ. "ಮಾವನಿಗೆ ಸುಖವೆಂದರೆ ಪಾಪ" ಎಂದು ಮನೆಮಂದಿಯೆದುರು ನಕ್ಕನಂತೆ. ಆ ಮಾತಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಸುಖ ಪಾಪವಲ್ಲ. ದುಡಿದು ದಣಿದವರು ನಾಲ್ಕು ದಿನ ಕಡಲ ಗಾಳಿ ಕುಡಿದರೆ ಯಾರ ಗಂಟೂ ಹೋಗುವುದಿಲ್ಲ. ನನ್ನ ತಕರಾರು ನಮ್ಮ ಊರಿನ ದೃಷ್ಟಿಯ ಬಗ್ಗೆ. ಒಂದು ಬಂದರಿನ ಮರ್ಯಾದೆಯನ್ನು, ಹೋಗದಿದ್ದರೂ ನಡೆಯುವವರಿಗೆ ಅದು ಹಾಸಿದ ರತ್ನಗಂಬಳಿಯಿಂದ ಅಳೆಯಬಾರದು. ಹೋಗಲೇಬೇಕಾದವರಿಗೆ ಅದು ಕೊಟ್ಟ ದಾರಿಯಿಂದ ಅಳೆಯಬೇಕು.

ನಮ್ಮ ಬಂದರ್ ಹುಟ್ಟಿದ್ದೇ ಹೋಗಲೇಬೇಕಾದವರಿಂದ. ನನ್ನ ತಂದೆಯವರ ಪೀಳಿಗೆಯವರು ಮುಂಬಯಿಗೆ ಹೋದದ್ದು ಸ್ಟೀಮರಿನಲ್ಲಿ. ಅಳಿವೆಯ ಮರಳ ದಿಬ್ಬವನ್ನು ದಾಟಿ ಒಳಬರಲಾರದ ಹಡಗು ಹೊರಗೆ ನಿಲ್ಲುತ್ತಿತ್ತು. ದೋಣಿಯಲ್ಲಿ ತುಯ್ದಾಡುತ್ತ ಹೋಗಿ ಅದನ್ನು ಹತ್ತಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಕಲಿತು ಮನೆಗೆ ಮನಿಯಾರ್ಡರ್ ಕಳುಹಿಸಿದ ಎಷ್ಟೋ ಹುಡುಗರಿಗೆ ಡೆಕ್ಕಿನ ಮೇಲಿನ ಚಾಪೆಯೇ ಭಾಗ್ಯದ ಬಾಗಿಲಾಯಿತು. ನಿಮ್ಮಲ್ಲಿ ಹಲವರ ಅಜ್ಜಂದಿರು ಆ ಚಾಪೆಯಲ್ಲಿ ಮಲಗಿ ಹೋದವರೇ.

ಇನ್ನು ಲಕ್ಷದ್ವೀಪದ ಮಾತು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು 1956ರ ನವೆಂಬರ್ 1ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಅಟ್ಲಾಸ್ ತೆರೆದು ಅಳೆದು ನೋಡಿ: ಕಿಲ್ತಾನಿಗೆ ಮಂಗಳೂರಿನಿಂದ ನೇರವಾಗಿ ಸುಮಾರು 250 ಕಿ.ಮೀ.; ಕೊಚ್ಚಿಯಿಂದ ಸುಮಾರು 390. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿಗಳನ್ನು ತುಂಬಿಕೊಂಡು ಹಳೇ ಬಂದರಿನ ದಕ್ಕೆಯಿಂದ ಹೊರಡುವ ಮಂಜಿಗಳು ಈ ಹತ್ತಿರವನ್ನು ಬಲ್ಲವು. ಆಸ್ಪತ್ರೆಗೆಂದು, ಕಾಲೇಜಿಗೆಂದು, ಮದುವೆಯ ಜವಳಿಗೆಂದು ಇಲ್ಲಿಗೆ ಬರುತ್ತಿದ್ದ ದ್ವೀಪದ ಜನರಿಗೆ ಮಾತ್ರ ಈ ದಾರಿ ತೆರೆಯುವುದು, ಮುಚ್ಚುವುದು. 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ನೂರೈವತ್ತಕ್ಕೂ ಹೆಚ್ಚು ದ್ವೀಪವಾಸಿಗಳನ್ನು ಹೊತ್ತು ಹಳೇ ಬಂದರಿಗೆ ಬಂದಾಗ ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಬಸ್ಸು ಬಂದರೆ ಸುದ್ದಿಯಾಗುತ್ತದೆಯೆ? ನಿತ್ಯದ ಸಂಗತಿಯಾಗಬೇಕಾದದ್ದು ಸುದ್ದಿಯಾಯಿತು ಎಂಬುದೇ ನಮ್ಮ ಲಜ್ಜೆ.

ಇತ್ತ ಪಣಂಬೂರಿನ ಸಂಭ್ರಮವನ್ನು ನೋಡಿ. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ವಿಹಾರ ನೌಕೆ ಬಂತೆಂದರೆ ಚೆಂಡೆಯ ಸ್ವಾಗತ, ಯಕ್ಷಗಾನದ ವೇಷದೊಡನೆ ಫೋಟೋ. ಬೆಳಿಗ್ಗೆ ಇಳಿದವರು ಕುದ್ರೋಳಿ, ಕದ್ರಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ನೋಡಿ ಸಂಜೆ ಹಡಗೇರುತ್ತಾರೆ. ಊರಿಗೆ ಆದಾಯ ಬರುವುದಿಲ್ಲವೇ ಎಂದು ಕೇಳುವಿರಿ. ಬರುತ್ತದೆ: ಟ್ಯಾಕ್ಸಿಯವರಿಗೆ ಒಂದು ದಿನದ ಬಾಡಿಗೆ, ಅಂಗಡಿಯವರಿಗೆ ನಾಲ್ಕು ಪೊಟ್ಟಣ ಗೇರುಬೀಜದ ವ್ಯಾಪಾರ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಊಟ, ಹಾಸಿಗೆ, ಮನರಂಜನೆಗಳ ಹಣವೆಲ್ಲ ಹಡಗಿನಲ್ಲಿಯೇ ಉಳಿಯುತ್ತದೆ. ವರ್ಷವಿಡೀ ಬಂದು ನಮ್ಮ ವಸತಿಗೃಹಗಳಲ್ಲಿ ತಂಗಿ, ನಮ್ಮ ಪೇಟೆಯಲ್ಲಿ ಉಂಡು ಕೊಳ್ಳಬಲ್ಲ ದ್ವೀಪದ ಸಂಸಾರಕ್ಕೆ ಚೆಂಡೆ ಬೇಡ, ಒಂದು ಖಚಿತವಾದ ವೇಳಾಪಟ್ಟಿ ಸಾಕು.

ಹಡಗಿನ ಒಳಗೂ ಈ ಎರಡು ಜಾತಿಗಳಿವೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರವೇ ನಾವಿಕ ಸಿಬ್ಬಂದಿಯನ್ನು ವಾರಕ್ಕೆ 72 ಗಂಟೆಗಳ ವರೆಗೆ ದುಡಿಸಬಹುದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕೊರೋನಾ ಸೋಂಕಿನಿಂದ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ತಡೆಹಿಡಿದಾಗ ಅದರಲ್ಲಿ 3,711 ಜನರಿದ್ದರು. ಪ್ರಯಾಣಿಕರು ಕೋಣೆಗಳೊಳಗೆ ಪ್ರತ್ಯೇಕವಾಗಿದ್ದರು; ಅವರ ಬಾಗಿಲಿಗೆ ಊಟ ಒಯ್ದವರು ಸಿಬ್ಬಂದಿ. ಆ ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಭಾರತೀಯರು. ಇಂತಹದೇ ಬೇರೊಂದು ಹಡಗಿನ ಅಡುಗೆಮನೆಯಲ್ಲಿ ದುಡಿದು ರಜೆಯಲ್ಲಿ ಬಂದಿದ್ದ ಶಿಷ್ಯನೊಬ್ಬನನ್ನು, "ಕಡಲು ಹೇಗಿತ್ತು?" ಎಂದು ಕೇಳಿದೆ. "ಮಾಷ್ಟ್ರೇ, ಎಂಟು ತಿಂಗಳಲ್ಲಿ ಕಡಲನ್ನು ನೋಡಿದ್ದೇ ಕಡಿಮೆ. ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ" ಎಂದ. ಅವನ ಸಂಬಳದಿಂದ ಅವನ ತಂಗಿಯ ಓದು ಮುಗಿಯಿತು. ಆ ಕೆಲಸವನ್ನು ನಾನು ಹಳಿಯುವುದಿಲ್ಲ. ಆದರೆ ಅವನು ಕಿಟಕಿಯಿಲ್ಲದ ಕೋಣೆಯಿಂದ ಎದ್ದು ಬಂದು ಬಡಿಸುವ ಐದನೆಯ ಹೊತ್ತಿನ ಊಟ ನನ್ನ ಗಂಟಲಲ್ಲಿ ಇಳಿಯಲಾರದು.

ಅಳಿಯನಿಗೆ ನನ್ನ ಮಾತಿಷ್ಟೆ: ನೀನು ಹೋಗಿ ಬಾ, ಸುಖವಾಗಿ ಬಾ. ಬಡಿಸುವ ಹುಡುಗನ ಹೆಸರು, ಊರು ಕೇಳು. ನಮ್ಮ ಹಳೇ ದಕ್ಕೆಯಿಂದ ದ್ವೀಪಗಳಿಗೆ ಸಾಮಾನ್ಯರ ಹಡಗೊಂದು ತಪ್ಪದೆ ಹೋಗಿಬರುವ ದಿನ, ಟಿಕೇಟಿನ ಸಾಲಿನಲ್ಲಿ ನಿನ್ನ ಅತ್ತೆಯೊಡನೆ ನಾನೂ ನಿಂತಿರುತ್ತೇನೆ. ಅಲ್ಲಿಯ ವರೆಗೆ ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿಯೇ ನಮಗೆ ಸಾಕು. ಅದರಲ್ಲಿ ಮೀನಿನ ಬುಟ್ಟಿಯವರೂ ಶಾಲೆಯ ಮಕ್ಕಳೂ ಒಂದೇ ಹಲಗೆಯ ಮೇಲೆ ಕೂರುತ್ತಾರೆ, ಮತ್ತು ಎಲ್ಲರಿಗೂ ನೀರು ಕಾಣುತ್ತದೆ.