ಸ್ಫೂರ್ತಿಯೂ ಅಳತೆಗೋಲೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆಯ ನಕ್ಷೆ ಬರೆಯುವವರ ಕಷ್ಟವನ್ನು ಗಾದೆಯಲ್ಲಿ ಸೇರಿಸಲಿಲ್ಲ. ಹಳ್ಳಿಗಳಲ್ಲಿ ನಕ್ಷೆಯೆಂಬುದು ಮೇಸ್ತ್ರಿಯ ತಲೆಯಲ್ಲಿರುತ್ತಿತ್ತೇ ಹೊರತು ಕಾಗದಕ್ಕೆ ಇಳಿಯುತ್ತಿರಲಿಲ್ಲ. ಈಗ ಅದನ್ನು ಕಲಿಯಲು ಐದು ವರ್ಷಗಳ ವ್ಯಾಸಂಗವಿದೆ. ನನ್ನ ತಂಗಿ ಈ ವರ್ಷ ಅದಕ್ಕೆ ಸೇರಿದ್ದಾಳೆ. ನಾನಾದರೋ ಇತಿಹಾಸದ ವಿದ್ಯಾರ್ಥಿ. ಆದರೂ ರಜೆಯಲ್ಲಿ ಅವಳು ತಂದ ಹಾಳೆಗಳನ್ನು ನೋಡಿದ ಮೇಲೆ, ಈ ವಿಷಯದಲ್ಲಿ ನಮ್ಮಂಥವರೂ ಎರಡು ಮಾತು ಹೇಳಬಹುದೆನಿಸಿತು.

ವಾಸ್ತುಶಿಲ್ಪದ ಮೊದಲ ವರ್ಷದಲ್ಲಿ ಯಾರೂ ಅರಮನೆ ಕಟ್ಟಿಸುವುದಿಲ್ಲ. ಚುಕ್ಕೆ, ಗೆರೆ, ಚೌಕ, ನೆರಳು ಇವುಗಳಿಂದಲೇ ಆರಂಭ. ಒರಟು ಯಾವುದು, ನಯ ಯಾವುದು ಎಂದು ಕೈಯಿಂದ ಮುಟ್ಟಿ ತಿಳಿಯಬೇಕು. ರಟ್ಟು ಕತ್ತರಿಸಿ ಮಾದರಿ ಮಾಡಬೇಕು. ಈ ಕ್ರಮಕ್ಕೆ ಒಂದು ಇತಿಹಾಸವಿದೆ. ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟ್ಟೆನ್ ಎಂಬ ಅಧ್ಯಾಪಕರು ಹೊಸ ವಿದ್ಯಾರ್ಥಿಗಳಿಗೆ ಇಂಥ ಅಭ್ಯಾಸಗಳನ್ನು ಮಾಡಿಸುತ್ತಿದ್ದರು. ಆ ಶಾಲೆ 1933ರಲ್ಲಿ ಮುಚ್ಚಿತು. ಅದರ ಪದ್ಧತಿ ಮಾತ್ರ ಲೋಕವೆಲ್ಲ ಹಬ್ಬಿತು.

ಇಲ್ಲಿಯವರೆಗೆ ತಕರಾರಿಲ್ಲ. ತೊಡಕು ಬರುವುದು ‘ನಿನ್ನ ಸ್ಫೂರ್ತಿ ಯಾವುದು?’ ಎಂಬ ಪ್ರಶ್ನೆ ಎದುರಾದಾಗ. ಹದಿನೆಂಟರ ವಯಸ್ಸಿನವರು ಏನು ಹೇಳಿಯಾರು? ಕೈಯಲ್ಲಿ ಫೋನಿದೆ, ಜಪಾನಿನ ಮನೆ, ಸ್ಪೇನಿನ ಅಂಗಳ, ಎಲ್ಲವೂ ಬೆರಳ ತುದಿಯಲ್ಲಿವೆ. ನಾಲ್ಕು ಚಿತ್ರ ಅಂಟಿಸಿದರೆ ಸ್ಫೂರ್ತಿಯ ಹಾಳೆ ಸಿದ್ಧ. ಚಿತ್ರ ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗೋಡೆಯ ದಪ್ಪವೆಷ್ಟು, ಗಾಳಿ ಎತ್ತಲಿಂದ ಬರುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಕುಳಿತರೆ ಹೇಗಿರುತ್ತದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಅಳೆಯದೆ ಪಡೆದ ಸ್ಫೂರ್ತಿ ಕಣ್ಣಿನಲ್ಲೇ ನಿಂತುಬಿಡುತ್ತದೆ, ಕೈಗೆ ಇಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪಟ್ಟದಕಲ್ಲನ್ನೇ ನೋಡಿ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಅಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ ದೇವಾಲಯ. ಇದಕ್ಕೆ ಕಂಚಿಯ ಕೈಲಾಸನಾಥ ಗುಡಿ ಪ್ರೇರಣೆಯೆಂದು ವಿದ್ವಾಂಸರು ಹೇಳುತ್ತಾರೆ. ಸೋತವರ ಊರಿನಿಂದ ಗೆದ್ದವರು ಶಿಲ್ಪವಿದ್ಯೆಯನ್ನು ಕಲಿತು ಬಂದರು! ಕಟ್ಟಿದ ಸೂತ್ರಧಾರಿ ಗುಂಡನ ಹೆಸರು ಅಲ್ಲಿಯ ಶಾಸನದಲ್ಲಿದೆ. ಆತ ಕಂಚಿಯ ಪ್ರತಿಯನ್ನು ತೆಗೆಯಲಿಲ್ಲ. ಮಲಪ್ರಭೆಯ ದಂಡೆಯ ಮರಳುಗಲ್ಲಿಗೆ ಒಗ್ಗುವ ಹಾಗೆ ಹೊಸದನ್ನೇ ಕಟ್ಟಿದ. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ಎಲ್ಲೋರದ ಕೈಲಾಸವನ್ನು ಬಂಡೆಯಲ್ಲಿ ಕೊರೆದವರಿಗೆ ಈ ಗುಡಿಯೇ ಮಾದರಿಯಾಯಿತು. ಇನ್ನು ಸಮೀಪದ ಐಹೊಳೆಯ ಲಾಡಖಾನ ಗುಡಿಯಲ್ಲಿ, ಮಾಡಿನ ಚಪ್ಪಡಿಗಳ ಸಂದುಗಳ ಮೇಲೆ ಮರದ ತೊಲೆಯನ್ನು ಹೋಲುವ ಕಲ್ಲಿನ ಪಟ್ಟಿಗಳಿವೆ. ಮರದಲ್ಲಿ ಪಳಗಿದ ಕೈ ಕಲ್ಲನ್ನು ಕಲಿಯುತ್ತಿದ್ದ ಗುರುತು ಅದು. ಆ ಶಿಲ್ಪಿಗಳೂ ಒಂದು ಕಾಲಕ್ಕೆ ಮೊದಲ ವರ್ಷದವರೇ ಆಗಿದ್ದರೆನ್ನಬಹುದು.

ನನ್ನ ತಂಗಿಗೆ ದೊರೆತ ಮೊದಲ ವಿನ್ಯಾಸ, ಒಬ್ಬರು ಕುಳಿತು ಓದುವ ಚಿಕ್ಕ ಕೋಣೆ. ಅವಳು ಅಳತೆಯ ಟೇಪು ಹಿಡಿದು ಅಜ್ಜಿಯ ಮಾಳಿಗೆ ಮನೆಗೆ ನಡೆದಳು. ಮಣ್ಣಿನ ಗೋಡೆ ಎರಡೂವರೆ ಅಡಿ ದಪ್ಪ. ಹಗಲಿನ ಬಿಸಿಲು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಬೇಸಿಗೆಯ ರಾತ್ರಿ ನಾವೆಲ್ಲ ಮಾಳಿಗೆಯ ಮೇಲೆ ಮಲಗುವುದರ ಗುಟ್ಟೂ ಅದೇ. ಅಡಿಗೆಮನೆಯ ಬೆಳಕಿಂಡಿ ಒಲೆಯ ನೇರಕ್ಕಿಲ್ಲ, ಅಜ್ಜಿ ರೊಟ್ಟಿ ಬಡಿಯುವ ಜಾಗದ ನೇರಕ್ಕಿದೆ. ಮಳೆಹನಿ ಬೆಂಕಿಗೆ ಬೀಳದು, ಬೆಳಕು ಹಿಟ್ಟಿಗೆ ಬೀಳುವುದು! ಇಪ್ಪತ್ತು ವರ್ಷ ಆ ರೊಟ್ಟಿ ತಿಂದ ನನಗೆ ಇದು ತಿಳಿದದ್ದು ಅವಳು ಅಳೆದಾಗಲೇ. ಅವಳ ಓದುವ ಕೋಣೆಯಲ್ಲಿ ದಪ್ಪ ಗೋಡೆಯೊಳಗೆ ಪುಸ್ತಕದ ಮಾಡಗಳು ಬಂದವು. ತೆರೆದಿಟ್ಟ ಪುಟದ ನೇರಕ್ಕೆ, ಗಾಜು ಮುಚ್ಚಿದ ಬೆಳಕಿಂಡಿ ಬಂತು. ಸ್ಫೂರ್ತಿಯ ಚಿತ್ರವೆಲ್ಲಿ ಎಂದು ಕೇಳಿದವರ ಮುಂದೆ ಅಜ್ಜಿಯ ಮನೆಯ ಅಳತೆಯ ಹಾಳೆಯನ್ನು ಇಟ್ಟಳಂತೆ.

ಹಾಗಾದರೆ ಎಲ್ಲರೂ ಮಣ್ಣಿನ ಮನೆಗೆ ಮರಳಬೇಕೆ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಮಾಳಿಗೆ ಸೋರುತ್ತದೆ, ಮಳೆಗಾಲಕ್ಕೆ ಮೊದಲು ಮಣ್ಣು ಹೊತ್ತು ಹಾಕುವ ಕೆಲಸ ಎಷ್ಟು ಭಾರವೆಂಬುದು ಹೊತ್ತವರಿಗೇ ಗೊತ್ತು. ಸಿಮೆಂಟಿನ ಸ್ಲಾಬು ಬೇಕೆನ್ನುವವರು ದಡ್ಡರಲ್ಲ. ನಮ್ಮ ಅಜ್ಜಿಯ ಮನೆಯನ್ನೂ ಬರುವ ಬೇಸಿಗೆಯಲ್ಲಿ ಕೆಡವಿ ಸ್ಲಾಬು ಹಾಕಿಸುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದಾರೆ. ಅಜ್ಜಿ ಬೇಡವೆನ್ನಲಿಲ್ಲ, ಬೆಳಕಿಂಡಿಯೊಂದು ಇರಲಿ ಎಂದಳು. ಅದು ಎಲ್ಲಿರಬೇಕು, ಎಷ್ಟಿರಬೇಕು ಎಂಬುದಕ್ಕೆ ಈಗ ಮನೆಯಲ್ಲಿರುವ ಆಧಾರ ತಂಗಿಯ ಆ ಒಂದು ಹಾಳೆ. ಕಂಚಿಯಿಂದ ಗುಂಡ ತಂದದ್ದೂ ಕಲ್ಲನ್ನಲ್ಲ, ತಿಳಿವಳಿಕೆಯನ್ನು.

ನಮ್ಮ ಕಾಲೇಜಿಗೆ ಸುತ್ತಲಿನ ಹತ್ತಾರು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಪ್ರತಿಯೊಬ್ಬರ ಊರಿನಲ್ಲೂ ಕೆಡವುವ ದಿನವನ್ನು ಕಾಯುತ್ತಿರುವ ಒಂದಾದರೂ ಮನೆ ಇದ್ದೇ ಇರುತ್ತದೆ. ವಾಸ್ತುಶಿಲ್ಪ ಕಲಿಯುವವರೇ ಬರಲೆಂದು ಕಾಯಬೇಕಾಗಿಲ್ಲ. ರಜೆಯಲ್ಲಿ ಒಂದು ಟೇಪು, ಒಂದು ನೋಟುಪುಸ್ತಕ ಹಿಡಿದು ಅಂಥ ಮನೆಯನ್ನು ಅಳೆಯೋಣ. ಪಡಸಾಲೆಯ ಎತ್ತರ, ಕಿಂಡಿಯ ದಿಕ್ಕು, ಅದರ ಕಾರಣ ಇವನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡೋಣ. ಇತಿಹಾಸದ ವಿದ್ಯಾರ್ಥಿಗಳಿಗೆ ಅದು ದಾಖಲೆಯಾದೀತು. ನಾಳೆ ನಕ್ಷೆ ಬರೆಯುವ ತಮ್ಮತಂಗಿಯರಿಗೆ ಬಂಡವಾಳವಾದೀತು.