ಕೊತ್ತಂಬರಿ ಕಟ್ಟಿನ ಲೆಕ್ಕ ಕೇಳಿದವರಿಗೆ

ನಮ್ಮ ಮನೆಗೆ ಇಡ್ಲಿ ಹಿಟ್ಟು, ಸಾರಿನ ಪುಡಿ, ಹಪ್ಪಳ, ಮೊಸರು ಅಂಗಡಿಯಿಂದ ಬರುವುದಿಲ್ಲ, ಸೊಪ್ಪು ತಾರಸಿಯ ಕುಂಡಗಳಿಂದ ಬರುತ್ತದೆ ಎಂಬ ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿ ವರ್ಷಗಳಾದವು. ಅಂದಿನಿಂದ ಮದುವೆಯ ಪಂಕ್ತಿಯಲ್ಲಿ ಕೂತರೂ ಆಫೀಸಿನಲ್ಲಿ ಟೀ ಕುಡಿಯುತ್ತಿದ್ದರೂ ಯಾರಾದರೊಬ್ಬರು ತಕರಾರು ತೆಗೆಯುತ್ತಾರೆ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ವಾದ ಮಾಡಲಾಗದು. ಬಾಕಿ ಉಳಿದ ಉತ್ತರಗಳನ್ನೆಲ್ಲ ಇಲ್ಲಿ ತೀರಿಸುತ್ತಿದ್ದೇನೆ.

ಪಕ್ಕದ ಮೇಜಿನ ಗೆಳೆಯರದು ಹಳೆಯ ಪ್ರಶ್ನೆ: "ಹತ್ತು ರೂಪಾಯಿ ಕೊತ್ತಂಬರಿ ಉಳಿಸೋಕೆ ಅರ್ಧ ಗಂಟೆ ಕುಂಡದ ಮುಂದೆ ಕೂತಿರ್ತೀರಲ್ಲ, ಆ ಹೊತ್ತಿಗೆ ಬೆಲೆ ಇಲ್ವೇನ್ರೀ?" ಇದೆ ಸ್ವಾಮಿ, ಕೊಡುವವರು ಯಾರು ಅಂತ ತೋರಿಸಿ. ನನ್ನದು ತಿಂಗಳ ಸಂಬಳ. ಸಂಜೆ ಏಳರ ಮೇಲಿನ ನನ್ನ ಅರ್ಧ ಗಂಟೆಯನ್ನು ಈವರೆಗೆ ಯಾರೂ ಕೊಂಡಿಲ್ಲ. ಕೊತ್ತಂಬರಿ ಬಿಡಿ, ಇಡ್ಲಿ ಹಿಟ್ಟಿನ ಲೆಕ್ಕ ಹಾಕೋಣ. ಮುಕ್ಕಾಲು ಕಿಲೋ ಅಕ್ಕಿ, ಕಾಲು ಕಿಲೋ ಉದ್ದಿನಬೇಳೆ, ನಮ್ಮ ಬೀದಿಯ ಅಂಗಡಿಯಲ್ಲಿ ಎರಡೂ ಸೇರಿ 70 ರೂಪಾಯಿ. ರುಬ್ಬಿದರೆ ಎರಡೂವರೆ ಕಿಲೋ ಹಿಟ್ಟು. ಅಷ್ಟೇ ಹಿಟ್ಟನ್ನು ಪೊಟ್ಟಣದಲ್ಲಿ ತಂದರೆ ಕಿಲೋಗೆ 90ರಂತೆ 225. ವಾರಕ್ಕೊಮ್ಮೆ 155 ರೂಪಾಯಿ ಉಳಿಯಿತು. ನನ್ನ ಕೈಗೆ ಕೆಲಸ ಎಷ್ಟು? ತೊಳೆಯುವುದು, ಗ್ರೈಂಡರಿಗೆ ಹಾಕುವುದು, ಬಳಿದು ತೆಗೆಯುವುದು, ಕಲ್ಲು ತೊಳೆದಿಡುವುದು, ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ನೆನೆಯುವ ಕೆಲಸ ನೀರಿನದು, ಹುದುಗುವ ಕೆಲಸ ರಾತ್ರಿಯದು. ಗೆಳೆಯರು ಅವೆರಡನ್ನೂ ನನ್ನ ಖಾತೆಗೆ ಬರೆದು ದಿನವೆಲ್ಲ ಹಾಳಾಯಿತು ಅನ್ನುತ್ತಾರೆ.

ಇದಕ್ಕಿಂತ ಗಟ್ಟಿಯಾದ ತಕರಾರು ನನ್ನ ದೊಡ್ಡಪ್ಪನ ಮಗನದು. "ಮನೆ ಮುರಿಯೋದು ಬಾಡಿಗೆ, ಸ್ಕೂಲ್ ಫೀಸು, ಆಸ್ಪತ್ರೆ ಬಿಲ್ಲು. ನೀನು ಸೊಪ್ಪಿನ ಕಟ್ಟು ಹಿಡ್ಕೊಂಡು ಕೂತಿದ್ದೀಯ." ಅರ್ಧ ನಿಜ. ಇನ್ನರ್ಧ ಕೇಂದ್ರ ಸರ್ಕಾರದ 2023-24ರ ಕೌಟುಂಬಿಕ ಬಳಕೆ ವೆಚ್ಚದ ಸಮೀಕ್ಷೆಯಲ್ಲಿದೆ. ನಗರದ ಮನೆಗಳು ಖರ್ಚು ಮಾಡುವ ರೂಪಾಯಿಯಲ್ಲಿ ಊಟತಿಂಡಿಗೆ ಸುಮಾರು 40 ಪೈಸೆ ಹೋಗುತ್ತದೆ. ಅದರಲ್ಲಿ 11 ಪೈಸೆ ಪಾನೀಯ, ಪೊಟ್ಟಣದ ತಿನಿಸು, ಹೊರಗಿನಿಂದ ತಂದ ತಯಾರಿ ಆಹಾರಕ್ಕೆ. ಅಕ್ಕಿಬೇಳೆ, ಹಾಲು, ತರಕಾರಿ ಯಾವುದೂ ಒಂದೊಂದಾಗಿ ಇದರಷ್ಟು ತಿನ್ನುವುದಿಲ್ಲ. ಬಾಡಿಗೆಯ ಪಾಲು ಏಳು ಪೈಸೆಯೂ ಇಲ್ಲ. ಆದರೆ ಅದು ಸ್ವಂತ ಮನೆಯವರನ್ನೂ ಸೇರಿಸಿದ ಸರಾಸರಿ, ಮೈಸೂರಿನ ಬಾಡಿಗೆ ಮನೆಯಲ್ಲಿರುವ ನನಗೆ ಸಮಾಧಾನ ತರುವಂಥದ್ದಲ್ಲ, ಒಪ್ಪುತ್ತೇನೆ. ಆದರೂ ನನ್ನ ಅಣ್ಣ ಒಂದು ಮಾತು ಬಿಟ್ಟುಬಿಡುತ್ತಾನೆ. ಬಾಡಿಗೆ, ಫೀಸುಗಳ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಬಗ್ಗದ ಖರ್ಚಿರುವ ಮನೆಯಲ್ಲಿ ಬಗ್ಗುವ ಖರ್ಚನ್ನೇ ಬಗ್ಗಿಸಬೇಕು. ಹಿಟ್ಟು, ಪುಡಿ, ಮೊಸರು, ಸೊಪ್ಪು, ಸಂಜೆಯ ಕುರುಕಲು, ಇವುಗಳಲ್ಲಿ ಉಳಿದ ಸುಮಾರು 2,000 ರೂಪಾಯಿ ತಿಂಗಳು ತಿಂಗಳು ಅಂಚೆ ಕಚೇರಿಯ ಆರ್.ಡಿ.ಗೆ ಹೋಗುತ್ತದೆ. ವರ್ಷಕ್ಕೆ 24,000. ಮಗನ ಫೀಸಿನ ಮೊದಲ ಕಂತಿಗೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುವುದು ನಿಂತಿದ್ದು ಇದರಿಂದ.

ನಾದಿನಿಯ ಪ್ರಶ್ನೆ ಮಾತ್ರ ನನ್ನನ್ನು ನಿಜಕ್ಕೂ ಕೂರಿಸಿಬಿಟ್ಟಿತು. ಯುಗಾದಿಗೆ ಬಂದವಳು, ಹಪ್ಪಳ ಕರಿಯುತ್ತಾ, "ಎಲ್ಲಾ ಲೆಕ್ಕ ಬರೆದಿದ್ದೀರ ಭಾವ, ಅಕ್ಕನ ಸೊಂಟಕ್ಕೆ ಎಷ್ಟು ಹಾಕಿದ್ದೀರ?" ಅಂದಳು. ಮೊದಲೆರಡು ವರ್ಷ ನಾನು ಉಳಿತಾಯವೆಂದು ಹೆಮ್ಮೆಯಿಂದ ಬರೆದದ್ದು ಹೆಚ್ಚುಕಡಿಮೆ ಅವಳಕ್ಕನ ಕೂಲಿಯೇ ಆಗಿತ್ತು. ದೇಶದ ಪುರಾಣವೂ ಇದೇ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಚ್ಚುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಕೈ ಹಚ್ಚುವ ಗಂಡಸರು 88 ನಿಮಿಷ. ಮಿತವ್ಯಯದ ಉಪದೇಶ ಬರುವುದು ಬಹುಪಾಲು ಆ 88 ನಿಮಿಷದವರಿಂದ. ಈಗ ನಮ್ಮಲ್ಲಿ ರುಬ್ಬುವುದು ನನ್ನದು, ಮಾರ್ಚಿನಲ್ಲಿ ಸಂಡಿಗೆ ಹಾಕಿ ಕಾಗೆ ಕಾಯುವುದು ಮಗನದು. ಯಾರಿಗೂ ಕೈ ಬಿಡುವಿಲ್ಲದ್ದು ಅಂಗಡಿಯಿಂದ ಬರುತ್ತದೆ. ಚಕ್ಕುಲಿ ಹಾಗೆ ಬರುತ್ತದೆ, ಅದಕ್ಕೆ ನಾಚಿಕೆಯಿಲ್ಲ.

ಇನ್ನೊಂದನ್ನೂ ನಾದಿನಿಗೆ ಹೇಳಿದೆ. ಉಳಿಸುವ ಅಡಿಗೆಯೆಲ್ಲ ಹೆಚ್ಚು ಕೆಲಸದ ಅಡಿಗೆಯಲ್ಲ. ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟು ಸಾರಾಗುತ್ತದೆ, ಕಾಳುಸೊಪ್ಪು ಪಲ್ಯವಾಗುತ್ತದೆ. ಒಂದು ಬೇಯಿಸುವಿಕೆಗೆ ಎರಡು ಪದಾರ್ಥ, ಗ್ಯಾಸೂ ಒಂದೇ ಸಲದ್ದು. ಮಾರನೆಯ ದಿನಕ್ಕೆ ಆ ಸಾರು ಇನ್ನೂ ರುಚಿ. ಇದನ್ನು ಮಾಡುತ್ತಾ ಬಂದ ಮಂಡ್ಯ, ಹಾಸನದ ಕಡೆಯ ಹೆಂಗಸರು ನನಗಿಂತ ಚೆನ್ನಾಗಿ ತಮ್ಮ ಸೊಂಟದ ಲೆಕ್ಕ ಬಲ್ಲವರಾಗಿದ್ದರು.

ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು 1936ರ ಕೇನ್ಸ್ ಪುಸ್ತಕವನ್ನು ಎತ್ತಿಕೊಂಡರು. ಎಲ್ಲರೂ ಉಳಿಸಹೊರಟರೆ ವ್ಯಾಪಾರ ನಿಂತು ಎಲ್ಲರೂ ಬಡವರಾಗುತ್ತಾರಂತೆ. ಎಲ್ಲರೂ ಉಳಿಸಲಿ, ಆಮೇಲೆ ಮಾತಾಡೋಣ ಸಾರ್. 2022-23ರಲ್ಲಿ ದೇಶದ ಮನೆಮನೆಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ 5ರ ಆಸುಪಾಸಿಗೆ ಇಳಿದಿತ್ತು. ಅಲ್ಲದೆ ನನ್ನ ದುಡ್ಡೇನೂ ಹೂತುಹೋಗಿಲ್ಲ. ಹಿಟ್ಟಿನ ಗಿರಣಿಯವನಿಗೆ, ಕುಕ್ಕರ್ ರಿಪೇರಿಯವನಿಗೆ, ಪ್ಯಾಂಟಿನ ಜಿಪ್ ಬದಲಿಸುವ ಟೈಲರಿಗೆ ಸಿಗುತ್ತಿದೆ.

"ಇದೆಲ್ಲ ಸ್ವಂತ ಜಾಗ ಇರೋರಿಗೆ" ಅನ್ನುವವರಿಗೆ ಅರ್ಧ ಸೋಲುತ್ತೇನೆ. ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಿಂದ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು, ಆದರೆ ಅದು ಸ್ವಂತ ಮನೆ. ನಮ್ಮ ಓನರು ಪೈಪಿಗೆ ಕೈ ಹಚ್ಚಲು ಬಿಡುವುದಿಲ್ಲ. ತಾರಸಿಯಲ್ಲಿ ಕುಂಡ ಇಡಲು ಬಿಟ್ಟದ್ದೂ ವಾರಕ್ಕೊಂದು ಹಿಡಿ ಹರಿವೆಯ ಕರಾರಿನ ಮೇಲೆ. ಮಿತವಾಗಿ ಬದುಕಿದರೆ ಸರ್ಕಾರವೇ ದಂಡ ಹಾಕುತ್ತದೆ ಅಂತ ಚುಚ್ಚಿದವರೂ ಇದ್ದಾರೆ. 2023ರ ಗೃಹಜ್ಯೋತಿಯಲ್ಲಿ ಉಚಿತ ವಿದ್ಯುತ್ತಿನ ಮಿತಿ ಗೊತ್ತುಮಾಡಿದ್ದು ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ. 60 ಯೂನಿಟ್ಟಿನ ನನಗೆ 66, ಧಾರಾಳವಾಗಿ ಉರಿಸಿದ ಎದುರು ಮನೆಯವರಿಗೆ 180. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಗು ಬರುತ್ತದೆ ಅಷ್ಟೇ.

ಜುಗ್ಗ ಅಂದವರಿಗೆ: ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾನು ಯಾರಿಗೂ ಹೇಳಿಲ್ಲ. ನಮ್ಮ ಪಕ್ಕದ ಮನೆಯ ಹುಬ್ಬಳ್ಳಿ ಕಡೆಯ ಅಜ್ಜಿ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾರೆ, ಕಾಲು ಉದ್ದವಿದ್ದವರಿಗೆ ಉದ್ದಕ್ಕೇ ಹೊಲಿದುಕೊಡುತ್ತಾರೆ. ನಾನು ಅವರ ಪಕ್ಷ.

ಇಷ್ಟೆಲ್ಲ ಕೇಳಿದವರು ಟೊಮೆಟೊ ವಿಷಯ ಮಾತ್ರ ಕೇಳಲಿಲ್ಲ. 2023ರ ಜುಲೈನಲ್ಲಿ ಕಿಲೋ ನೂರು ದಾಟಿದಾಗ ಆವೇಶದಲ್ಲಿ ಆರು ಚೀಲ ಸಸಿ ಹಾಕಿದೆ. ಚೀಲ, ಮಣ್ಣು, ಗೊಬ್ಬರ, ಆಸರೆಯ ಕೋಲು, ಒಟ್ಟು 1,140 ರೂಪಾಯಿ. ಎರಡು ಚೀಲಕ್ಕೆ ಎಲೆ ಮುಟುರು ರೋಗ ಬಂತು. ಉಳಿದವು ಹಣ್ಣಾಗುವಷ್ಟರಲ್ಲಿ ಪೇಟೆಯಲ್ಲಿ ಬೆಲೆ ಇಪ್ಪತ್ತರ ಕೆಳಗೆ ಬಿದ್ದಿತ್ತು. ಕೈಗೆ ಬಂದದ್ದು ಮೂರೂವರೆ ಕಿಲೋ, ಕಿಲೋಗೆ ಸುಮಾರು 325 ರೂಪಾಯಿಯಂತೆ. ದಸರೆಗೆ ನಾದಿನಿ ಬಂದಾಗ ಅದರದೇ ಗೊಜ್ಜು ಬಡಿಸಿದೆವು. ತುಂಬಾ ಚೆನ್ನಾಗಿದೆ ಅಂದಳು. ಬೆಲೆ ಹೇಳಲಿಲ್ಲ.